ವೀಳ್ಯ ತೆಗೆದುಕೊಂಡ ಮೇಲೆ ಹುಡುಕಿದ ವಕೀಲರು

ಇನ್ನಂಜೆಯ ಆ ಮನೆಯ ಬಾವಿಯಿಂದ ಅಮ್ಮ ತಾನೇ ನೀರು ಸೇದಿ, ಒಂದು ಚೊಂಬು ಕುಡಿದು, ಏನೂ ಹೇಳದೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ನನಗೆ ಅಷ್ಟು ಸಾಕಾಯಿತು. ಇಷ್ಟವಾಗದ್ದರ ಬಗ್ಗೆ ಅಮ್ಮ ಧಾರಾಳವಾಗಿ ಮಾತಾಡುತ್ತಾಳೆ. ಆಸೆಯಾದರೆ ಮಾತ್ರ ಬಾಯಿ ಕಟ್ಟುತ್ತದೆ. ಕಾಪುವಿನ ಕಡಲಬದಿಯಲ್ಲಿ ಹುಟ್ಟಿ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ನನ್ನನ್ನು ಓದಿಸಿದವಳು. ನನಗೆ ನೆನಪಿರುವಂತೆ ನಾವು ಏಳು ಬಾಡಿಗೆ ಮನೆಗಳನ್ನು ಕಂಡಿದ್ದೇವೆ. ಕಲ್ಯಾಣಪುರದ ಏಳನೆಯದನ್ನೂ ಬಿಡಬೇಕೆಂದು ಮಾಲೀಕರು ಹೇಳಿಯಾಗಿತ್ತು. ಎಂಟನೆಯದು ನಮ್ಮದೇ ಆಗಬೇಕು ಎಂದು ನಾನು ಹಟ ಹಿಡಿದಿದ್ದೆ.

ಮನೆ ದೊಡ್ಡದೇನಲ್ಲ. ಹಂಚಿನ ಮಾಡು, ಎರಡು ಕೋಣೆ, ಅಂಗಳದ ತುಂಬ ಮಲ್ಲಿಗೆ ಗಿಡಗಳು, ಮೂಲೆಯಲ್ಲಿ ಮನೆಯ ದೈವದ ಪುಟ್ಟ ಗುಡಿ. ಮಾರುವವರು ನಿವೃತ್ತ ಬಸ್ ಕಂಡಕ್ಟರ್. ಮಣಿಪಾಲದಲ್ಲಿರುವ ಮಗಳ ಮನೆಗೆ ಹೋಗಿ ಇರುವ ತಯಾರಿಯಲ್ಲಿದ್ದರು. ವ್ಯಾಪಾರ ಕುದುರಿದ ಕೂಡಲೇ ಅವರು ಒಳಗಿನಿಂದ ಐದು ವೀಳ್ಯದೆಲೆ, ಒಂದು ಅಡಿಕೆ ತಂದು ಗುಡಿಯ ಎದುರು ನಿಂತರು.

"ದೈವದ ಎದುರು ಮಾತಾಯಿತು. ಇನ್ನು ಈ ಮನೆ ಬೇರೆಯವರಿಗಿಲ್ಲ. ನೀವೂ ಹಿಂದೆ ಹೋಗ್ಲಿಕ್ಕಿಲ್ಲ."

ನಾನು ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡೆ. ಒಂದು ಕಾಗದವನ್ನೂ ನೋಡಿರಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು ನಾನು. ಯಾರಾದರೂ "ಕೈ ಮುರಿದಿಲ್ಲ, ನೋಡಿದರೆ ಗೊತ್ತಾಗುತ್ತದೆ" ಎಂದರೆ ನಗುತ್ತೇನೆ. ನನ್ನ ಸರದಿ ಬಂದಾಗ ಬಾವಿಯ ನೀರು ನೋಡಿ ಮನೆ ಒಪ್ಪಿಕೊಂಡೆ.

ವಕೀಲರು ಬೇಕು ಎಂದು ಹೊಳೆದದ್ದು ಅದರ ಮರುದಿನ. ಮೊದಲು ಫೋನ್ ಮಾಡಿದ್ದು ದೂರದ ಸಂಬಂಧಿಯೊಬ್ಬರಿಗೆ. "ನಮ್ಮವರೇ ಅಲ್ವಾ, ಆ ಮನೆ ನನಗೆ ಗೊತ್ತುಂಟು, ಎಂತ ತೊಂದರೆ ಇಲ್ಲ" ಎಂದರು. ಕಾಗದ ನೋಡದೆಯೇ ತೊಂದರೆ ಇಲ್ಲ ಎಂದಾಗ ನನಗೆ ನನ್ನ ನೆನಪೇ ಬಂತು, ಬೇಡವೆನಿಸಿತು. ಎರಡನೆಯವರದ್ದು ತಣ್ಣಗಿನ ಕಚೇರಿ. ಎರಡು ದಿನದಲ್ಲಿ ಲೀಗಲ್ ಒಪೀನಿಯನ್ ಕೊಡುತ್ತೇವೆ ಎಂದರು. ಯಾರು ಓದುತ್ತಾರೆ ಎಂದು ಕೇಳಿದ್ದಕ್ಕೆ ಫೀಸಿನ ಪಟ್ಟಿ ಕೊಟ್ಟರು. ಮೂರನೆಯವರು ಉಡುಪಿಯ ಕೋರ್ಟಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂರುವ ಹೆಂಗಸು. ಅರವತ್ತರ ಹತ್ತಿರದ ಪ್ರಾಯ, ಮುಖದಲ್ಲಿ ನಗುವಿನ ಸುಳಿವಿಲ್ಲ. ಮಾರುವವರಿಂದ ತಂದು ನಾನು ಕೊಟ್ಟ ಕಡತವನ್ನು ಬಿಡಿಸಲೂ ಇಲ್ಲ. ಬಿಳಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು.

"ಮಾರುವವರ ವಂಶವೃಕ್ಷ ಬರೆಯಿರಿ. ಹೆಣ್ಣುಮಕ್ಕಳನ್ನು ಮೊದಲು ಬರೆಯಿರಿ."

"ಅದು ನನಗೆಂತ ಗೊತ್ತು ಮೇಡಂ? ಸಾಲ ಕೊಡುವ ಬ್ಯಾಂಕಿನ ವಕೀಲರೂ ನೋಡ್ತಾರಲ್ಲ."

"ಅವರು ಬ್ಯಾಂಕಿಗೆ ವಕೀಲರು. ನಿಮಗೆ ಯಾರು?"

"ಮತ್ತೆ... ದೈವದ ಎದುರು ವೀಳ್ಯ ತೆಗೆದುಕೊಂಡಾಗಿದೆ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ದೈವ ಸುಳ್ಳು ಹೇಳುವುದಿಲ್ಲ. ಆದರೆ ನಾಳೆ ಕೋರ್ಟಿಗೆ ಸಾಕ್ಷಿ ಹೇಳ್ಲಿಕ್ಕೆ ಬರುವುದೂ ಇಲ್ಲ ಅಲ್ವಾ?"

ಸಿಟ್ಟು ಬಂತು. ಆದರೂ ಕಡತವನ್ನು ಅಲ್ಲೇ ಬಿಟ್ಟು ಬಂದೆ. ನನಗೆ ಬೈದವರನ್ನು ನಂಬುವುದು ನನ್ನ ಹಳೆಯ ಅಭ್ಯಾಸ.

ಹತ್ತು ದಿನ ಕಳೆದು ಕರೆದರು. ಮೇಜಿನ ಮೇಲೆ ಹಳೆಯ ಪಾಲುಪಟ್ಟಿಯ ಪ್ರತಿ ಇತ್ತು, ಅಂದರೆ ಆ ಮನೆತನದವರು ಆಸ್ತಿ ಹಂಚಿಕೊಂಡ ಪತ್ರ. ಅದರಲ್ಲಿ ಮನೆ ಮಾರುವ ಕಂಡಕ್ಟರ್ ಮಾಮನ ಸಹಿ ಇತ್ತು, ಮಕ್ಕಳಿಲ್ಲದೆ ತೀರಿಹೋದ ಅವರ ಅಣ್ಣನದ್ದೂ ಇತ್ತು. ಆದರೆ ಅವರಿಗೊಬ್ಬರು ಅಕ್ಕ ಇದ್ದರು. ಅಜೆಕಾರಿಗೆ ಮದುವೆಯಾಗಿ ಹೋದವರು. ಅವರ ಹೆಸರು ಎಲ್ಲಿಯೂ ಇರಲಿಲ್ಲ.

"ಅಳಿಯಕಟ್ಟಿನ ಮನೆ ಇದು," ಎಂದರು ವಕೀಲರು. "ತಾಯಿಯಿಂದ ಮಗಳಿಗೆ ಬಂದ ಆಸ್ತಿ. ಅಂಥಾ ಮನೆಯಲ್ಲೇ ಮಗಳನ್ನು ಬಿಟ್ಟು ಪಾಲು ಮಾಡಿದ್ದಾರೆ. ಅವರ ಸಹಿ ಇಲ್ಲದೆ ನಾನು ಒಪ್ಪಿಗೆ ಕೊಡುವುದಿಲ್ಲ."

ಕಂಡಕ್ಟರ್ ಮಾಮನಿಗೆ ಹೇಳಿದರೆ ಅವರು ಹೌಹಾರಿದರು. "ಅಕ್ಕ ಆವತ್ತೇ ದೈವದ ಎದುರು ಬಿಟ್ಟುಕೊಟ್ಟಾಗಿದೆ. ಈಗ ಪುನಃ ಕೇಳುವುದಂದರೆ ನಂಬಿಕೆ ಇಲ್ಲ ಅಂತ ಅಲ್ವಾ? ನಾನು ಆ ಮನೆಯ ಮೆಟ್ಟಿಲು ಹತ್ತದೆ ಇಪ್ಪತ್ತು ವರ್ಷ ಆಯಿತು. ಹತ್ತುವುದೂ ಇಲ್ಲ." ಬೇರೆ ಇಬ್ಬರು ಮನೆ ಕೇಳಿಕೊಂಡು ಬರುತ್ತಿದ್ದಾರೆ ಎಂದೂ ಸೇರಿಸಿದರು. ಅವರಿಗೆ ಕಾಗದದ ತಲೆಬಿಸಿ ಇಲ್ಲವಂತೆ.

ನಾನು ವಕೀಲರ ಕಚೇರಿಗೆ ಹೋಗಿ ಜಗಳವನ್ನೇ ಆಡಿದೆ. ಎರಡು ದಿನದಲ್ಲಿ ಮುಗಿಸಿಕೊಡುವವರಿದ್ದರು, ನಿಮ್ಮ ಹತ್ತಿರ ಬಂದು ಸಿಕ್ಕಿಬಿದ್ದೆ ಎಂದೆ. ಅವರು ಕಡತವನ್ನು ದಾರ ಕಟ್ಟಿ ನನ್ನ ಎದುರು ಇಟ್ಟರು.

"ಕೊಂಡುಹೋಗಿ. ಫೀಸು ಬೇಡ. ಆದರೆ ಹೋಗುವ ಮೊದಲು ಒಮ್ಮೆ ಅಜೆಕಾರಿಗೆ ಹೋಗಿ ಬನ್ನಿ. ಸಹಿ ಕೇಳಬೇಡಿ. ಆವತ್ತು ಎಂತ ಹೇಳಿದ್ದು ಅಂತ ಮಾತ್ರ ಕೇಳಿ."

ಭಾನುವಾರ ಅಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಆ ಅಕ್ಕನಿಗೆ ಎಪ್ಪತ್ತು ದಾಟಿತ್ತು. ಗದ್ದೆಯ ಬದಿಯ ಮನೆ. ನಾವು ಯಾರೆಂದು ಹೇಳಿದ ಮೇಲೂ ಒಳಗೆ ಕರೆದು, ಬೆಲ್ಲ, ನೀರು ಕೊಟ್ಟರು. ನಾನು ಸುತ್ತಿ ಬಳಸದೆ ಕೇಳಿದೆ: ದೈವದ ಎದುರು ಏನು ಹೇಳಿದಿರಿ?

"'ತಮ್ಮ ನನ್ನ ಮನೆಗೆ ಬಂದು ಕೇಳಲಿ, ಆಮೇಲೆ ಹೇಳ್ತೇನೆ' ಅಂದೆ. ಅಷ್ಟೇ. ಅವನು ಇವತ್ತಿನವರೆಗೆ ಬರ್ಲಿಲ್ಲ, ಕೇಳ್ಲಿಲ್ಲ. ಕೊಟ್ಟಳು ಅಂತ ಊರಿಗೆ ಹೇಳಿಕೊಂಡು ಬಂದ." ನೀರಿನ ಚೊಂಬು ಎತ್ತಿಟ್ಟು, "ಮಲ್ಲಿಗೆ ಗಿಡ ಉಂಟಾ ಇನ್ನೂ?" ಎಂದು ಕೇಳಿದರು. ಗಿಡಗಳು ಚೆನ್ನಾಗಿವೆ ಎಂದು ಅಮ್ಮ ಹೇಳಿದಳು.

ಹಿಂದೆ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಿರಿಯಡಕ ದಾಟಿದ ಮೇಲೆ ಇದ್ದಕ್ಕಿದ್ದಂತೆ ಮಾತಾಡಿದಳು.

"ನನ್ನ ಪಾಲೂ ಹಾಗೆಯೇ ಹೋಯಿತು. ನಾನೇ ಸಹಿ ಹಾಕಿದೆ. ಕಾಪುವಿನ ಮನೆಗೆ."

ನನಗೆ ಅರ್ಥವಾಗಲಿಲ್ಲ. ಅವಳು ಹೇಳುತ್ತ ಹೋದಳು. ಹಿತ್ತಿಲಲ್ಲಿ ಬಂಗುಡೆ ಹೆಚ್ಚುತ್ತ ಕೂತಿದ್ದಳಂತೆ. ಅಣ್ಣಂದಿರು ಬಂದು, ಖಾತೆ ಬದಲಾಯಿಸಲಿಕ್ಕೆ ಅಷ್ಟೇ, ಇಲ್ಲೊಂದು ಸಹಿ ಹಾಕು ಎಂದರಂತೆ. ಕೈಯಲ್ಲಿ ಮೀನಿನ ಸಿಪ್ಪೆ. "ತೊಳೆದು ಬರ್ತೇನೆ ಅಂದೆ. ಬೇಡ, ತಡವಾಗ್ತದೆ ಅಂದರು." ಮೂರನೇ ಕ್ಲಾಸು ಓದಿದ ಅಮ್ಮನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಮೇಲೆ ಬರೆದದ್ದನ್ನು ಓದಲು ಸಮಯ ಬೇಕಿತ್ತು. ಆ ಸಮಯವನ್ನು ಯಾರೂ ಕೊಡಲಿಲ್ಲ.

ಏಳು ಬಾಡಿಗೆ ಮನೆಗಳು ನಮ್ಮ ಹಣೆಬರಹ ಎಂದು ನಾನು ತಿಳಿದಿದ್ದೆ. ಬಸ್ಸಿನಲ್ಲಿ ಕೂತು ಅತ್ತೆ. ಅಮ್ಮನೇ ನನ್ನನ್ನು ಸಮಾಧಾನ ಮಾಡಬೇಕಾಯಿತು. ಮರುದಿನ ಡ್ಯೂಟಿಗೆ ಮೊದಲು ವಕೀಲರ ಮೆಟ್ಟಿಲು ಹತ್ತಿ, ಕ್ಷಮಿಸಿ ಎಂದೆ. ಮತ್ತು ಇನ್ನೊಂದು ಮಾತು ಹೇಳಿದೆ: ಪತ್ರದಲ್ಲಿ ನನ್ನ ಹೆಸರಿನ ಜೊತೆ ಅಮ್ಮನ ಹೆಸರೂ ಬರಬೇಕು, ಅವಳದ್ದೇ ಮೊದಲು.

ವಕೀಲರು ಅದನ್ನು ಬರೆದುಕೊಂಡು ಫೋನ್ ಎತ್ತಿದರು. ಕಂಡಕ್ಟರ್ ಮಾಮನಿಗೆ ಅವರು ಹೇಳಿದ್ದು ನನಗೆ ಹಾಗೇ ನೆನಪಿದೆ.

"ನಿಮ್ಮ ಅಕ್ಕ ಕೊಡುವುದಿಲ್ಲ ಅಂತ ಹೇಳ್ಲಿಲ್ಲ. ಬಂದು ಕೇಳು ಅಂದದ್ದು. ದೈವದ ಎದುರು ಆದ ಮಾತು ಇನ್ನೂ ಅರ್ಧದಲ್ಲೇ ಉಂಟು. ಪೂರ್ತಿ ಮಾಡುವವರು ನೀವು."

ಕಾನೂನಿನ ಮಾತಿಗೆ ಬಗ್ಗದ ಮನುಷ್ಯ ಈ ಮಾತಿಗೆ ಬಗ್ಗಿದರು, ಆದರೆ ಕೂಡಲೇ ಅಲ್ಲ. ಒಂದು ವಾರ ಸುದ್ದಿಯೇ ಇರಲಿಲ್ಲ. ನಾನು ಬೇರೆ ಬಾಡಿಗೆ ಮನೆ ನೋಡಲೂ ಶುರು ಮಾಡಿದ್ದೆ. ಆಮೇಲೊಂದು ದಿನ ಅವರದ್ದೇ ಫೋನ್ ಬಂತು. ಅಂಗಳದ ಮಲ್ಲಿಗೆ ಕೊಯ್ದು, ಹೆಂಡತಿಯಿಂದ ಕಟ್ಟಿಸಿ, ಬಾಳೆಲೆಯಲ್ಲಿ ಸುತ್ತಿಕೊಂಡು ಅಜೆಕಾರಿಗೆ ಹೋಗಿದ್ದರಂತೆ. ಅಕ್ಕ ಮೊದಲು ಚೆನ್ನಾಗಿ ಬೈದರಂತೆ, ಆಮೇಲೆ ಊಟ ಹಾಕಿದರಂತೆ. "ಬರ್ತಾಳೆ," ಎಂದರು. ಬಸ್ಸಿನ ತುದಿಯಿಂದ ತುದಿಗೆ ಕೇಳಿಸುತ್ತಿದ್ದ ಆ ಗಂಟಲು ಅಂದು ತುಂಬ ಸಣ್ಣದಾಗಿತ್ತು.

ನೋಂದಣಿಯ ಮುಂಚಿನ ದಿನ ಎಲ್ಲರೂ ವಕೀಲರ ಕೋಣೆಯಲ್ಲಿ ಸೇರಿದೆವು. ಕುರ್ಚಿ ಸಾಲದೆ ಜೆರಾಕ್ಸ್ ಅಂಗಡಿಯಿಂದ ಎರಡು ಸ್ಟೂಲು ತಂದೆವು. ವಕೀಲರು ಮೊದಲು ಕಂಡಕ್ಟರ್ ಮಾಮನನ್ನು ಹೊರಗೆ ಕಳಿಸಿದರು.

"ಈಗ ತಮ್ಮ ಇಲ್ಲ. ಹೇಳಿ, ನಿಮಗೆ ಪಾಲು ಬೇಕಾ ಬೇಡವಾ?"

ಅಜೆಕಾರಿನ ಅಕ್ಕ ಯೋಚಿಸಿದರು. "ಸರಿ ಅರ್ಧ ಬೇಡ. ಆದರೆ ಎಂತದೂ ಬೇಡ ಅಂತಲೂ ಅಲ್ಲ." ವಕೀಲರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಷ್ಟೆಂದು ಕೇಳಿ, ಅದನ್ನು ಪತ್ರದಲ್ಲಿ ಸೇರಿಸಿದರು. ಒಳಗೆ ಬಂದ ತಮ್ಮ ತಲೆ ತಗ್ಗಿಸಿ ಒಪ್ಪಿಕೊಂಡರು.

ಆಮೇಲೆ ಓದು ಶುರುವಾಯಿತು. ಅವರ ಪದ್ಧತಿಯೇ ಅದು: ಸಹಿ ಹಾಕುವ ಪ್ರತಿಯೊಬ್ಬರೂ ಇಡೀ ಪತ್ರವನ್ನು ಕಿವಿಯಾರೆ ಕೇಳಬೇಕು. ಕನ್ನಡದಲ್ಲಿ ಒಂದು ಸಾಲು ಓದುವುದು, ತುಳುವಿನಲ್ಲಿ ಅದರ ಅರ್ಥ ಹೇಳುವುದು. ನಾಲ್ಕು ದಿಕ್ಕಿನ ಗಡಿ, ಬಾವಿ, ದಾರಿ, ಗುಡಿ, ಮಲ್ಲಿಗೆ ಗಿಡಗಳು. ಅಕ್ಕನಿಗೆ ಎರಡು ಕಡೆ ಸಂಶಯ ಬಂತು, ಎರಡು ಕಡೆಯೂ ನಿಲ್ಲಿಸಿ ಬಿಡಿಸಿ ಹೇಳಿದರು. ಅವರು ಸಹಿ ಹಾಕಿದರು. ತಮ್ಮನೂ ಹಾಕಿದರು.

ಕೊನೆಗೆ ಕೊಳ್ಳುವವರ ಸರದಿ. ಒಂದನೇ ಖರೀದಿದಾರರು ಎಂದು ಅಮ್ಮನ ಹೆಸರು ಓದಿದರು. ಅವಳ ತಾಯಿಯ ಹೆಸರು, ಪ್ರಾಯ, ಕಸುಬು ಮೀನು ವ್ಯಾಪಾರ. ಇವರು ಮತ್ತು ಇವರ ಮಗಳು ಈ ಮನೆಯನ್ನು ಕ್ರಯಕ್ಕೆ ಪಡೆದಿರುತ್ತಾರೆ, ಇದರ ಮೇಲೆ ಬೇರೆ ಯಾರಿಗೂ ಹಕ್ಕು ಇರುವುದಿಲ್ಲ.

"ಅದನ್ನು ಇನ್ನೊಮ್ಮೆ ಓದಿ," ಎಂದಳು ಅಮ್ಮ.

ಗಂಟೆ ಐದೂವರೆ ದಾಟಿತ್ತು. ಮೆಟ್ಟಿಲಲ್ಲಿ ಬೇರೆ ಕಕ್ಷಿದಾರರು ಕಾಯುತ್ತಿದ್ದರು. ವಕೀಲರು ಗಡಿಯಾರ ನೋಡಲಿಲ್ಲ. ಅಮ್ಮನ ಹೆಸರಿನಿಂದಲೇ ಶುರು ಮಾಡಿ, ಮೊದಲಿಗಿಂತ ನಿಧಾನವಾಗಿ, ಅಷ್ಟನ್ನೂ ಮತ್ತೆ ಓದಿದರು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಎದ್ದು, ಮೂಲೆಯ ನಲ್ಲಿಯಲ್ಲಿ ಎರಡೂ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು, ಪೆನ್ನು ಕೊಡಿ ಎಂದಳು.