ಪ್ಲೇಗಿನ ಗುಡಿಸಲ ಮುಂದಿನ ಕಣಗಿಲೆ

ಮೂವತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಹೊಳೆನರಸೀಪುರದಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗಿಗೆ ಹೆದರಿ ನಮ್ಮ ಬೀದಿಯವರೆಲ್ಲ ಮನೆಗೆ ಬೀಗ ಹಾಕಿ ಊರಾಚೆಗೆ ಹೊರಟೆವು. ಹಾಸನದ ರಸ್ತೆಯ ಪಕ್ಕ ನಮಗೊಂದು ಹೊಲವಿತ್ತು. ಅಪ್ಪ ಅಂಗಡಿ ಮುಚ್ಚಿ, ಅಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಸಿದರು.

ಅಪ್ಪನ ತಾಯಿಗೆ, ನಮ್ಮ ಅಜ್ಜಿಗೆ, ಬೆಳಗಿನ ಲಿಂಗಪೂಜೆಗೆ ಹೂ ಇಲ್ಲದಿದ್ದರೆ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಊರಿನ ಹಿತ್ತಲಲ್ಲಿ ವರ್ಷವಿಡೀ ಹೂ ಸಿಗುವಂತೆ ಅವರು ಗಿಡ ಕೂಡಿಸಿದ್ದರು. ಅಂಚಿಗೆ ಕಣಗಿಲೆ, ನಂದಿಬಟ್ಟಲು. ನಡುವೆ ಒಂದೇ ಕಾಲ ಬದುಕುವ ಚೆಂಡುಹೂ, ಗೌರಿಹೂ. ಗುಡಿಸಲ ಮುಂದೆ ಮಾತ್ರ ಚೆಂಡುಹೂ, ಗೌರಿಹೂಗಳ ಬೀಜವನ್ನಷ್ಟೇ ಚೆಲ್ಲಿಸಿದರು. ವರ್ಷಗಟ್ಟಲೆ ನಿಲ್ಲುವ ಗಿಡ ನೆಟ್ಟರೆ ನಾವೂ ಅಲ್ಲೇ ನಿಂತುಬಿಡುತ್ತೇವೆ ಎಂದು ಅವರು ನಂಬಿದ್ದರು. ಅವರಿಗೆ ಬೇಕಾಗಿದ್ದುದು ತಮ್ಮ ಮನೆಗೆ ಹಿಂದಿರುಗುವುದೊಂದೇ. ಪಕ್ಕದ ಗುಡಿಸಲಿನ ಎಣ್ಣೆ ವ್ಯಾಪಾರಿ ನುಗ್ಗೆಯ ಗೂಟ ನೆಟ್ಟಾಗ, “ಮೊಮ್ಮಕ್ಕಳ ಮದ್ವೆ ಚಪ್ರಾನೂ ಇಲ್ಲೇ ಆಕ್ತೀಯೇನ್ಲಾ?” ಎಂದು ಕೇಳಿದರು. ಅವನು ನಕ್ಕು, ಕಾಯಿ ಬಿಟ್ಟರೆ ನಿಮ್ಮ ಸಾರಿಗೂ ಕೊಡುತ್ತೇನೆ ಅಂದ.

ಸಂಕ್ರಾಂತಿಯ ಹೊತ್ತಿಗೆ ಗುಡಿಸಲ ಮುಂದೆಲ್ಲ ಹಳದಿ, ಕೆಂಪು ತುಂಬಿತು. ಊರಿನಿಂದ ಸಾವಿನ ಸುದ್ದಿಯೂ ಬರುತ್ತಲೇ ಇತ್ತು. ಶಿವರಾತ್ರಿ ಕಳೆಯುವಷ್ಟರಲ್ಲಿ ಗೌರಿಹೂ ಮುಗಿದು, ಚೆಂಡುಹೂವಿನ ಕೆಳಗಿನ ಎಲೆ ಒಣಗತೊಡಗಿತ್ತು. ಅಜ್ಜಿಗೆ ಉಬ್ಬಸ ಹೆಚ್ಚಾಗಿತ್ತು. ಅದು ಪ್ಲೇಗಲ್ಲ, ವಯಸ್ಸಿನದು ಎಂದು ಡಾಕ್ಟರು ಹೇಳಿ ಹೋಗಿದ್ದರು.

ಒಂದು ಬೆಳಿಗ್ಗೆ ಅಜ್ಜಿ ಅಮ್ಮನನ್ನು ಕರೆದು, ರಸ್ತೆಯಾಚೆಯ ತೋಟದಿಂದ ಬಿಳಿ ಕಣಗಿಲೆಯ ಕಡ್ಡಿ ತರಲು ಹೇಳಿದರು.

“ಚೆಂಡೂವಿನ ಸಾಲ್ನಾಗೇ ನೆಡು. ಅವು ಒಣಗೋಗಂಟ ನೆಳ್ಳು ಕೊಡ್ತವೆ. ಆಮ್ಯಾಕೆ ಇದು ತಾನೇ ನಿಂತ್ಕತದೆ.”

“ಯಾಕತ್ತೆ, ಯುಗಾದಿಗೆ ಮನೆಗೋಗ್ತೀವಲ್ಲ,” ಅಂದಳು ಅಮ್ಮ.

“ನೀವೋಗ್ರವ್ವ.”

ಅಮ್ಮ ಕಡ್ಡಿ ತರಲು ಹೋಗಲಿಲ್ಲ. ಮಧ್ಯಾಹ್ನ ಅಪ್ಪನೇ ತಂದರು. ಅಜ್ಜಿ ಗುಡಿಸಲ ಕಂಬಕ್ಕೆ ಒರಗಿ ಕೂತು, ಎಲ್ಲಿ ಗುಂಡಿ ತೆಗೆಯಬೇಕು, ಬಿಸಿಲಿನ ಕಡೆಗೆ ಯಾವ ಚೆಂಡುಹೂವನ್ನು ಉಳಿಸಬೇಕು ಎಂದು ಕೈಯಲ್ಲೇ ತೋರಿಸಿದರು. ಕಣಗಿಲೆ ಹರಡುವ ಗಿಡ, ದೂರ ದೂರ ನೆಡಿಸಿದರು.

ಕಡ್ಡಿ ಚಿಗುರುವ ಮೊದಲೇ ಅವರು ತೀರಿಕೊಂಡರು. ಆ ಸಾಲಿನ ಪಕ್ಕದಲ್ಲೇ ಸಮಾಧಿ ಮಾಡಿದೆವು.

ಯುಗಾದಿಯಾದ ಮೇಲೆ, ಊರಿಗೆ ಮರಳಬಹುದೆಂದು ಪುರಸಭೆಯವರು ಸಾರಿದರು. ಗಾಡಿಗೆ ಸಾಮಾನು ಏರಿಸಿ ಮುಗಿದಾಗ ಅಪ್ಪ ಒಣಗಿ ನಿಂತ ಚೆಂಡುಹೂವಿನ ಗಿಡಗಳನ್ನು ಕೀಳಲು ಹೋದರು. ಅಮ್ಮ ತಡೆದಳು. ಕಿತ್ತರೆ ಪಕ್ಕದ ಕಣಗಿಲೆಯ ಎಳೆ ಬೇರು ಅಲುಗುತ್ತದೆ ಎಂದು, ಕುಡುಗೋಲು ಹಿಡಿದು ಒಂದೊಂದನ್ನೇ ಬುಡಕ್ಕೆ ಕೊಯ್ದಳು. ಬೀಜವನ್ನು ಸೆರಗಿಗೆ ಉದುರಿಸಿಕೊಂಡು, ಅರ್ಧ ಅಲ್ಲೇ ಚೆಲ್ಲಿ, ಉಳಿದುದನ್ನು ಗಂಟು ಕಟ್ಟಿದಳು. ಅಷ್ಟು ಹೊತ್ತೂ ಗಾಡಿ ಕಾಯಿತು.