ಅಕ್ಕನ ಹೆಸರಿನಲ್ಲಿ ಬಂದ ಉತ್ತರಗಳು

ನನ್ನ ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಗಿರಾಕಿಯನ್ನು ಒಳಕೋಣೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೊಂದು ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತ, "ಈಗ ಚೆನ್ನಾಗಿದೆಯಾ, ಮೊದಲಿನದೇ ಚೆನ್ನಾಗಿತ್ತಾ?" ಎಂದು ಕೇಳುವುದು ಅವಳ ಕೆಲಸ. ದಿನವಿಡೀ ಕೇಳುವ ಆ ಪ್ರಶ್ನೆಗೆ ಸರಿಯುತ್ತರ ಅನ್ನುವುದೇ ಇಲ್ಲ, ಅದಕ್ಕೇ ತನಗೆ ಬೇರೆ ಕಡೆ ಸರಿಯುತ್ತರದ ಹುಚ್ಚು ಹಿಡಿದಿದ್ದು ಎಂದು ನಗುತ್ತಿದ್ದಳು.

ಆ ಬೇರೆ ಕಡೆ ಅಂದರೆ ಫೋನಿನೊಳಗಿನ ಒಂದು ಕ್ವಿಜ್ ಗುಂಪು. ಎಲ್ಲೆಲ್ಲಿಯೋ ಇರುವ ನಲವತ್ತು ಮಂದಿ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದರು. ಗುಂಪು ನಡೆಸುವವರಿಗೆ ಹೆಡ್‌ಮಾಸ್ಟರು ಎಂದು ಅಡ್ಡಹೆಸರು. ಅಕ್ಕ ಅಲ್ಲಿ 'ಅಳಿಲು'. ಅವಳಿಗೆ ಸರಿಸಮ ನಿಲ್ಲುತ್ತಿದ್ದವಳು ಇನ್ನೊಬ್ಬಳು, ಅವಳ ನಾಲಿಗೆಗೆ ತಕ್ಕಂತೆ 'ಒಣಮೆಣಸು'. ಅಕ್ಕ ಯಾವ ಉತ್ತರವನ್ನೂ ಬರಿದೇ ಬರೆದವಳಲ್ಲ. ಮೂರು ಹೃದಯವಿರುವ ಪ್ರಾಣಿ ಯಾವುದು ಎಂದರೆ, "ಆಕ್ಟೋಪಸ್. ಮದುವೆಯಾದ್ಮೇಲೆ ಒಂದಾದ್ರೂ ಉಳೀಲಿ ಅಂತ" ಎಂದು ಬರೆದು, ಪಕ್ಕದಲ್ಲಿದ್ದ ಭಾವನ ಕಡೆ ಓರೆಗಣ್ಣಲ್ಲಿ ನೋಡುವಳು. ಭಾವ ಲಿಫ್ಟ್ ಮೆಕ್ಯಾನಿಕ್. "ಭೂಮಿ ಗುಂಡಗಿದೆ ಅನ್ನೋ ಹೊತ್ತಿಗೆ ನನ್ನ ಜ್ಞಾನ ಮುಗೀತು ಕಣೇ" ಎಂದು ಚಹಾ ತಂದಿಡುತ್ತಿದ್ದ.

ಒಂದು ಬೆಳಿಗ್ಗೆ, ಕಣ್ಣು ತೋರಿಸಲು ಬಂದಿದ್ದ ಮುದುಕರೊಬ್ಬರ ಮುಂದೆ ಗಾಜು ಬದಲಿಸುತ್ತ ಅಕ್ಕ, "ಈಗ ಬಾಗಿಲು, ಮೊದಲು ಸಕ್ಕರೆ?" ಎಂದಳಂತೆ. ಮುದುಕರು ತಮ್ಮ ಕಿವಿಯೂ ಕೆಟ್ಟಿತೆಂದು ಗಾಬರಿಯಾದರು. ಅಕ್ಕ ಅದನ್ನೇ ಮತ್ತೆ ಹೇಳಿದಳು, ಕೈಯಲ್ಲಿದ್ದ ಗಾಜು ಜಾರಿತು, ಬಲಗೈ ಅದನ್ನು ಹಿಡಿಯಲಿಲ್ಲ.

ಪಾರ್ಶ್ವವಾಯು ಹೊಡೆದಿತ್ತು. ಪ್ರಾಣ ಉಳಿಯಿತು. ಕಾಲು ಎಳೆಯುತ್ತ ನಡೆಯುವಂತಾದಳು. ಮಾತು ಮಾತ್ರ ಹೋಯಿತು. "ಹೇಳಿದ್ದೆಲ್ಲ ಅರ್ಥ ಆಗುತ್ತೆ. ಹೇಳಬೇಕಾದ್ದೂ ಒಳಗಿದೆ. ಪದ ಹುಡುಕಿ ತರೋ ದಾರಿ ಮುರಿದಿದೆ" ಎಂದರು ಡಾಕ್ಟರು. ನೀರು ಬೇಕಾದರೆ "ಕಿಟಕಿ" ಎನ್ನುವಳು. ತಪ್ಪು ಅಂತ ಅವಳಿಗೇ ಗೊತ್ತಾಗಿ ತಲೆ ಚಚ್ಚಿಕೊಳ್ಳುವಳು. ತಡೆಯಿಲ್ಲದೆ ಬರುತ್ತಿದ್ದದ್ದು ಬೈಗುಳ ಮಾತ್ರ. ಜನ್ಮದಲ್ಲಿ ಯಾರಿಗೂ ಬೈಯದವಳ ಬಾಯಲ್ಲಿ ಅವು ಸ್ಫಟಿಕದಂತೆ ಹೊರಬೀಳುತ್ತಿದ್ದವು. ಭಾವ ಅದಕ್ಕೂ ಖುಷಿಪಡುತ್ತಿದ್ದ, "ನೋಡು, ಎಷ್ಟು ಸ್ಪಷ್ಟ!" ಎಂದು.

ಗುಂಪಿನಲ್ಲಿ ಅಳಿಲು ಎಲ್ಲಿ, ಅಳಿಲು ಎಲ್ಲಿ ಎಂದು ಶುರುವಾಯಿತು. ಭಾವ ವಿಷಯ ತಿಳಿಸಲೆಂದು ಫೋನ್ ತೆಗೆದ. ಅಕ್ಕ ಎಡಗೈಯಿಂದ ಪರದೆಯನ್ನು ಮುಚ್ಚಿ, ಬೇಡ ಬೇಡವೆಂದು ತಲೆಯಾಡಿಸಿದಳು. ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ. ಅಂಗಡಿಯವರಿಗೆ ಗೊತ್ತಾಗಿತ್ತು, ನೆಂಟರಿಗೆ ಗೊತ್ತಾಗಿತ್ತು. ಅವಳು ಮೊದಲಿನಂತೆಯೇ ಇದ್ದ ಜಾಗ ಅದೊಂದೇ ಉಳಿದಿತ್ತು. ಭಾವ "ಜ್ವರ ಇತ್ತು" ಎಂದು ಬರೆದ.

ಅದರ ಮುಂದಿನ ಭಾನುವಾರ ಅವಳ ಪಕ್ಕದಲ್ಲಿ ಕೂತು ಪ್ರಶ್ನೆಗಳನ್ನು ಓದಿದ. ಒಂದು ಪ್ರಶ್ನೆ ಹೀಗಿತ್ತು: ವರ್ಷಕ್ಕಿಂತ ದಿನವೇ ಉದ್ದವಿರುವ ಗ್ರಹ ಯಾವುದು?

ಅಕ್ಕ ನೆಟ್ಟಗಾದಳು. "ಬುಧವಾರ" ಎಂದಳು. ಅಲ್ಲವೆಂದು ಕೈಬೀಸಿ, "ಗುರುವಾರ... ಗುರುವಾರ... ಆಮೇಲೆ, ಆಮೇಲೆ!"

"ಇವತ್ತು ಭಾನುವಾರ ಕಣೇ" ಎಂದ ಭಾವ.

ಅಕ್ಕ ಮಂಚಕ್ಕೆ ಗುದ್ದಿದಳು. "ಆಮೇಲೆ!"

ಅಷ್ಟರಲ್ಲಿ ಹೆಡ್‌ಮಾಸ್ಟರು ಉತ್ತರ ಹಾಕಿದರು: ಶುಕ್ರ. ಭಾವ ಅದನ್ನು ಓದಿ ನನ್ನ ಮುಖ ನೋಡಿದ. "ಗೊತ್ತಿತ್ತು ಕಣಮ್ಮಾ ಇವಳಿಗೆ. ಬಾಗಿಲವರೆಗೂ ಬಂದಿದ್ದಳು. ನಾನೇ ದಡ್ಡ."

ಅಲ್ಲಿಂದ ಅವನಿಗೆ ಹುಚ್ಚು ಹತ್ತಿತು. ಅಕ್ಕನಿಗೆ ಗೊತ್ತಿದೆ, ಬಾಯಿಗೆ ಬರುತ್ತಿಲ್ಲ ಅಷ್ಟೆ. ಹಾಗಿದ್ದ ಮೇಲೆ ಅವಳ ಪರವಾಗಿ ಉತ್ತರ ಬರೆದರೆ ಮೋಸವಲ್ಲ ಎಂದು ಲೆಕ್ಕ ಹಾಕಿದ. ತನ್ನ ಫೋನಿನಲ್ಲಿ ಹುಡುಕುವುದು, ಅವಳ ಫೋನಿನಲ್ಲಿ ಬರೆಯುವುದು. ಗ್ರೀಸ್ ಮೆತ್ತಿದ ಬೆರಳೊಂದರಲ್ಲಿ ಟೈಪ್ ಮಾಡಲು ಬೆವರುತ್ತಿದ್ದ. ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಮಾಡಿ, ಆಮೇಲೆ ಅವಳ ಮುಂದೆ ಬಂದು, "ನೋಡು, ಎರಡನೇ ಸ್ಥಾನದಲ್ಲಿದ್ದೀಯ" ಎನ್ನುತ್ತಿದ್ದ. ಅಕ್ಕ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

"ಭಾವ, ಇದು ಯಾರಿಗೋಸ್ಕರ?" ಎಂದು ಕೇಳಿದೆ.

"ಅವಳ ಹೆಸರಾದ್ರೂ ಅಲ್ಲಿ ಓಡಾಡಿಕೊಂಡಿರಲಿ. ಇನ್ನೇನಿದೆ ನನ್ನ ಕೈಯಲ್ಲಿ? ಎಂಥೆಂಥ ಲಿಫ್ಟ್ ಮಧ್ಯೆ ನಿಂತ್ರೂ ಎತ್ತಿ ತಂದಿದ್ದೀನಿ. ಇದಕ್ಕೆ ಎಲ್ಲಿ ಕೈ ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

ಒಣಮೆಣಸಿಗೆ ವಾಸನೆ ಬಡಿಯಿತು. ಎಲ್ಲರೂ ಓದುವಂತೆ ಬರೆದಳು: "ಅಳಿಲು ಕದೀತಿದೆ. ಮೊದಲು ಉತ್ತರದ ಜೊತೆ ಒಂದು ತಲೆಹರಟೆ ಇರ್ತಿತ್ತು. ಈಗ ಎಲ್ಲಾ ನೆಟ್‌ನಿಂದ ಎತ್ತಿ ಅಂಟಿಸಿದ್ದು. ಕಾಗುಣಿತ ಸಹ ತಪ್ಪಿಲ್ಲ, ಅದೇ ದೊಡ್ಡ ಸಾಕ್ಷಿ." ಒಬ್ಬರ ಹಿಂದೊಬ್ಬರು ಹೌದೆಂದರು. ನಾಚಿಕೆಯಾಗಬೇಕು ಎಂದರು ಕೆಲವರು. ಅಳಿಲಿನ ಹೆಸರನ್ನು ತೆಗೆದುಹಾಕುವುದೆಂದು ತೀರ್ಮಾನವಾಗುವುದರಲ್ಲಿತ್ತು.

ಭಾವ ಫೋನನ್ನು ದಿಂಬಿನ ಕೆಳಗೆ ತುರುಕಿದ. ಆದರೆ ಅಕ್ಕ ಓದಬಲ್ಲವಳಾಗಿದ್ದಳು, ನಿಧಾನವಾಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಅವನು ಸ್ನಾನಕ್ಕೆ ಹೋದಾಗ ಅದನ್ನು ತೆಗೆದು ಓದಿದಳು. ಅವನು ತಲೆ ಒರೆಸುತ್ತ ಬಂದಾಗ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. "ನೀ... ನೀ... ಕಳ್ಳ!" ಆ ಪದ ಸರಿಯಾಗಿಯೇ ಬಂತು. ಅವನು ನೆಲದ ಮೇಲೆ ಕೂತುಬಿಟ್ಟ.

ಅಕ್ಕ ಆಮೇಲೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಎಡ ಹೆಬ್ಬೆರಳಿನಿಂದ ಮೈಕಿನ ಗುರುತು ಒತ್ತಿ ಹಿಡಿದಳು. ಯಾರಿಗೆ ತನ್ನ ದನಿ ಕೇಳಿಸಬಾರದೆಂದು ಇಷ್ಟು ದಿನ ಹೆಣಗಿದ್ದಳೋ ಆ ನಲವತ್ತು ಜನರಿಗೇ ಮಾತಾಡತೊಡಗಿದಳು.

"ನಾನು... ಅಳು." ಅಳಿಲು ಎನ್ನಲು ಹೊರಟದ್ದು. "ಅಳು. ಅಲ್ಲ. ಅಳು... ಅವನು ಹುಡುಕ್... ನಾನಲ್ಲ. ಬಾಯಿ ಇಲ್ಲ. ಬಾಯಿ ಇಲ್ಲ. ತಲೆ ಇದೆ." ಉಸಿರೆಳೆದುಕೊಂಡಳು. "ತಲೆ ಇದೆ! ಥೂ!"

ಬೆರಳು ಬಿಟ್ಟಳು. ದನಿ ಗುಂಪಿಗೆ ಹೋಯಿತು.

ಹೆಡ್‌ಮಾಸ್ಟರು ಫೋನ್ ಮಾಡಿದರು. ಭಾವ ಎಲ್ಲವನ್ನೂ ಹೇಳಿ, ತಪ್ಪು ತನ್ನದೆಂದು ಅತ್ತ. ಅವರು ಒಳ್ಳೆಯವರು, ಒಳ್ಳೆಯತನದಿಂದಲೇ ಕೆಲಸ ಕೆಡಿಸಿದರು. ಗುಂಪಿಗೆಲ್ಲ ವಿಷಯ ತಿಳಿಸಿ, ಮರು ಭಾನುವಾರ ಅಕ್ಕನಿಗೆಂದೇ ಒಂದು ಸುತ್ತು ಇಟ್ಟರು. ಆಕಾಶದ ಬಣ್ಣ ಯಾವುದು? ನಾಲ್ಕು ಚಿತ್ರದಲ್ಲಿ ಆನೆ ಯಾವುದು? ಬೆರಳಿಟ್ಟರೆ ಸಾಕು. ಉಳಿದವರೆಲ್ಲ ಕೈಕಟ್ಟಿ ಕಾಯುತ್ತಿದ್ದರು. ಅಕ್ಕ ತಪ್ಪು ಚಿತ್ರ ಒತ್ತಿದಳು, ಬೇಕೆಂದೇ. ಆದರೂ ಚಪ್ಪಾಳೆಯ ಗುರುತುಗಳು ಸಾಲುಸಾಲಾಗಿ ಬಂದವು.

ಅವಳು ಗುಂಪಿನಿಂದ ಹೊರಬಂದಳು. ಹೊರಬರುವ ಗುಂಡಿ ಎಲ್ಲಿದೆಯೆಂದು ಅವಳಿಗೆ ಯಾರೂ ತೋರಿಸಬೇಕಾಗಲಿಲ್ಲ. ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಲೋಟ ತೋರಿಸಿ "ಇದೇನು?" ಎಂದಾಗ ಬಾಯಿ ಬಿಗಿಹಿಡಿದಳು. ಅಂಗಡಿಯಲ್ಲಿ ಅವಳ ಜಾಗಕ್ಕೆ ಬೇರೊಬ್ಬರು ಬಂದರೆಂಬ ಸುದ್ದಿ ಬಂದದ್ದೂ ಆಗಲೇ. ಭಾವ ಕೆಲಸಕ್ಕೆ ಹೋಗುವಾಗ ನನ್ನನ್ನು ಕರೆದು ಕೂರಿಸಿ ಹೋಗುತ್ತಿದ್ದ, ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿ.

ಇದರ ನಡುವೆ ಒಣಮೆಣಸಿನಿಂದ ಅಕ್ಕನಿಗೊಬ್ಬಳಿಗೇ ಸಂದೇಶ ಬಂತು. ಕ್ಷಮೆ ಇಲ್ಲ, ಹೇಗಿದ್ದೀಯ ಎಂಬುದಿಲ್ಲ. "ಚೌಕಾಕಾರದ ಹಿಕ್ಕೆ ಹಾಕೋ ಪ್ರಾಣಿ ಯಾವುದು? ಎಷ್ಟು ಹೊತ್ತು ಬೇಕಾದ್ರೂ ತಗೋ. ಗಂಡ ಕೈ ಹಾಕಿದ್ರೆ ಗೊತ್ತಾಗುತ್ತೆ."

ನಾನು ಓದಿ ಹೇಳಿದೆ. ಅಕ್ಕ ಎಡಗೈ ಚಾಚಿ, ಬರೆಯುವಂತೆ ಗಾಳಿಯಲ್ಲಿ ಆಡಿಸಿದಳು. ಪೆನ್ಸಿಲ್ ಕೊಟ್ಟೆ. ಎಡಗೈಯ ಗೀಚು, ದಪ್ಪನೆಯ ದೇಹ, ಮೋಟು ಕಾಲು. ಫೋಟೋ ತೆಗೆದು ಕಳಿಸಿದೆ.

ಉತ್ತರ ಬಂತು: "ಇದು ಹಂದಿ. ತಪ್ಪು."

ಅಕ್ಕ ಒಂದು ಬೈಗುಳ ಬೈದಳು, ನಾನಿಲ್ಲಿ ಬರೆಯಲಾರೆ. ಹೊಸ ಹಾಳೆ ಕೇಳಿ, ಹೊಟ್ಟೆಯ ಮೇಲೊಂದು ಚೀಲ ಬರೆದಳು. ಸಾಲದೆಂದು ಅಳಿಸಿದಳು. ಚೀಲದ ಬಾಯಿ ಮುಂದಕ್ಕಲ್ಲ, ಹಿಂದಕ್ಕೆ ತೆರೆದಿರುವಂತೆ ಮತ್ತೆ ಬರೆದು, ಅಲ್ಲಿಗೆ ಬಾಣದ ಗುರುತು ಹಾಕಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಕಳಿಸಿದೆ.

"ಬಿಲ ತೋಡುವಾಗ ಮರಿ ಮೇಲೆ ಮಣ್ಣು ಬೀಳ್ಬಾರ್ದು ಅಂತ ಚೀಲ ಹಿಂದಕ್ಕೆ. ಆಸ್ಟ್ರೇಲಿಯಾದ ವಾಂಬ್ಯಾಟ್. ಸರಿ" ಎಂದು ಬಂತು. ಕೆಳಗೆ ಇನ್ನೊಂದು ಸಾಲು: "ನಾಳೆ ಇದಕ್ಕಿಂತ ಕಷ್ಟದ್ದು ಕಳಿಸ್ತೀನಿ."

ಸಂಜೆ ಭಾವ ಬಂದು ಚಿತ್ರ ನೋಡಿದ. "ವಾಂಬ್ಯಾಟ್. ಹೇಳು ನೋಡೋಣ" ಎಂದು ಅವಳ ಮುಂದೆ ಕೂತ. ಅಕ್ಕ ತುಟಿ ಕೂಡಿಸಿ ಬಹಳ ಪ್ರಯತ್ನಪಟ್ಟಳು. "ಬಾಟ್ಲಿ" ಎಂದಳು. ಅವನು ಎದ್ದು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು.

ಈಗಲೂ ಮಾತು ಅಷ್ಟೇ. ಬರುವಷ್ಟು ಬಂದಿದೆ, ಇನ್ನು ಹೆಚ್ಚು ಆಸೆ ಬೇಡ ಎಂದಿದ್ದಾರೆ ಡಾಕ್ಟರು. ಒಣಮೆಣಸಿನ ಪ್ರಶ್ನೆ ದಿನವೂ ಬರುತ್ತದೆ. ಅರ್ಧಕ್ಕರ್ಧ ತಪ್ಪೆಂದು ವಾಪಸ್ಸಾಗುತ್ತದೆ, ಅಕ್ಕ ಬೈದುಕೊಂಡು ಇನ್ನೊಂದು ಹಾಳೆ ಎಳೆದುಕೊಳ್ಳುತ್ತಾಳೆ. ಬಾಲ್ಕನಿಯ ಚಿಲಕ ತೆಗೆಯಲು ಭಾವನಿಗೆ ಇನ್ನೂ ಧೈರ್ಯ ಬಂದಿಲ್ಲ. ನಾನು ಒಳಗೆ ಬಂದರೆ ಅಕ್ಕ "ಚಿಕ್ಕಮ್ಮ" ಎಂದು ಕರೆಯುತ್ತಾಳೆ. ನಾನು ತಂಗಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ನಾನೂ ತಿದ್ದುವುದಿಲ್ಲ, ಓಗೊಟ್ಟು ಪಕ್ಕದಲ್ಲಿ ಕೂರುತ್ತೇನೆ.