ಕೈ ತೋರಿಸಿ, ನೋಡುವ

ಉಗುರುಗಳನ್ನು ಮಾಂಸದವರೆಗೂ ಕತ್ತರಿಸಿಕೊಂಡ, ಸೋಪಿಗೆ ಬಿಳಿಚಿಹೋದ ಬೆರಳುಗಳು. ಬಳೆಯಿಲ್ಲ, ಉಂಗುರವಿಲ್ಲ. ಬಿ.ಸಿ.ರೋಡಿನಿಂದ ವಾಮದಪದವಿನ ನಮ್ಮ ಮನೆಗೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ನರ್ಸ್ ಅವರು. ಎದುರಿಗೆ ಸಿಸ್ಟರ್ ಎನ್ನುತ್ತಿದ್ದೆ. ಬೆನ್ನ ಹಿಂದೆ ಪೊಲೀಸ್.

ನನಗಾಗ ರಕ್ತದ ಕ್ಯಾನ್ಸರ್. ಕೀಮೋ ಕೊಡಲೆಂದು ತೋಳಿನಲ್ಲಿ ಇಳಿಸಿದ ತೆಳ್ಳನೆಯ ಕೊಳವೆ ಹೃದಯದ ಹತ್ತಿರದವರೆಗೆ ಹೋಗಿತ್ತು. ಅದನ್ನು ಶುಚಿ ಮಾಡಿ ಹೊಸ ಪಟ್ಟಿ ಹಾಕುವುದು ಅವರ ಕೆಲಸ. "ಮದ್ದು ಹೋಗುವ ದಾರಿಯಲ್ಲೇ ರೋಗಾಣುವೂ ಹೋಗ್ತದೆ ಮಗಾ. ನಿನ್ನ ರಕ್ತದಲ್ಲಿ ಈಗ ತಡೆಯುವವರು ಯಾರೂ ಇಲ್ಲ," ಎನ್ನುತ್ತಿದ್ದರು.

ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. "ಕೈ ತೋರಿಸಿ, ನೋಡುವ" ಎಂದರೆ ಕೋಣೆಗೆ ಕಾಲಿಟ್ಟವರೆಲ್ಲ ಅಂಗೈ ಚಾಚಬೇಕು. ತಾವು ತೊಳೆದ ಕೈಯನ್ನೇ ಸಂಶಯದಿಂದ ನೋಡಿ ಮತ್ತೆ ತೊಳೆಯುವರು. ನನಗೋ ಮೈ ಉರಿಯುತ್ತಿತ್ತು. ಅಬ್ಬಬ್ಬಾ, ನಾವೇನು ಕಳ್ಳರಾ?

ಒಂದು ಮಧ್ಯಾಹ್ನ ಪಟ್ಟಿಯ ಅಂಚು ಎದ್ದಿರುವುದನ್ನು ಕಂಡು ಇನ್ನಷ್ಟು ಬಾಗಿ ನೋಡಿದರು.

"ಇದು ತಾನಾಗಿ ಎದ್ದದ್ದಲ್ಲ, ಎಬ್ಬಿಸಿದ್ದು. ಯಾರು ಮುಟ್ಟಿದ್ದು?"

ನಾನಲ್ಲ ಎಂದೆ, ನಂಬಲಿಲ್ಲ. ಅಪ್ಪನೂ ಅಲ್ಲ ಎಂದರು; ಅದನ್ನೂ ನಂಬಲಿಲ್ಲ. ಅಮ್ಮ ಮಾತ್ರ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದಳು.

"ಅಮ್ಮಾ, ಕೈ ತೋರಿಸಿ, ನೋಡುವ."

ಉಗುರಿನ ಸಂದಿಯಲ್ಲಿ ಒಣಗಿದ ಗಂಧ. ಮೂರು ದಿನಗಳಿಂದ ನಾನು ಮಲಗಿದ್ದಾಗ ಪಟ್ಟಿ ಸರಿಸಿ, ದೇವಸ್ಥಾನದ ಗಂಧಪ್ರಸಾದವನ್ನು ಕೊಳವೆಯ ಬುಡಕ್ಕೇ ಹಚ್ಚುತ್ತಿದ್ದಳು!

"ಅಲ್ಲಿಗೇ ಹಚ್ಚಿದ್ರೆ ಬೇಗ ಗುಣ ಆಗ್ತದೆ ಅಂತ..." ಎನ್ನುತ್ತ ಅಮ್ಮ ಅತ್ತುಬಿಟ್ಟಳು.

ಸಿಸ್ಟರ್ ಬಯ್ಯಲಿಲ್ಲ. "ದೇವರಿಗೆ ಹಣೆ ಸಾಕಮ್ಮ," ಎಂದಷ್ಟೇ ಹೇಳಿ, ಎಲ್ಲ ಒರೆಸಿ ಹೊಸ ಪಟ್ಟಿ ಹಾಕಿದರು. ಆದರೂ ರೋಗಾಣು ಆಗಲೇ ಒಳಗೆ ಹೋಗಿರಬಹುದೆಂಬ ಸಂಶಯ ಹೋಗಲಿಲ್ಲ; ಮನೆಗೆ ಮರಳುವ ಬಸ್ಸನ್ನು ಹೋಗಲು ಬಿಟ್ಟು, ಥರ್ಮಾಮೀಟರ್ ಹಿಡಿದು ನನ್ನ ಪಕ್ಕದಲ್ಲೇ ಕುಳಿತರು. ಸಂಜೆ ನಡುಕ ಶುರುವಾಗಿ ಜ್ವರ ಏರಿತು. ಮಾತ್ರೆ ಕೊಟ್ಟು ಬೆಳಿಗ್ಗೆವರೆಗೆ ಕಾಯುವ ಎಂದರು ಅಪ್ಪ.

"ಬೆಳಿಗ್ಗೆಯನ್ನು ನಾನು ನಂಬುದಿಲ್ಲ ಮಾರಾಯ್ರೆ, ಕಾರು ತೆಗೀರಿ!"

ಮಂಗಳೂರಿನ ಆಸ್ಪತ್ರೆಯಲ್ಲಿ ಕೊಳವೆ ತೆಗೆದು ಮದ್ದು ಶುರು ಮಾಡಿದರು. ಬೆಳಿಗ್ಗೆ ಬಂದಿದ್ದರೆ ಉಳಿಸುವುದು ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ನಾನು ಗುಣವಾದೆ. ಕಳೆದ ವರ್ಷ ಸಿಸ್ಟರ್ ತೀರಿಕೊಂಡರು. ಅಮ್ಮನೊಂದಿಗೆ ಅವರ ಮನೆಗೆ ಹೋದಾಗ, ನನ್ನನ್ನು ಬದುಕಿಸಿದ ಆ ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಿದ್ದರು. ದುಃಖ ತಡೆಯಲಾಗದೆ ಮುಟ್ಟಲು ಬಾಗಿದೆ. ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. ಮನೆಯವರ ಕಡೆ ತಿರುಗಿ ಮೆಲ್ಲನೆ ಕೇಳಿದಳು:

"ಸ್ವಲ್ಪ ಸೋಪು ಉಂಟಾ?"